ಓಲೆ ಕಳೆದಿರಲಿಲ್ಲ

ಪವಿತ್ರಾ ಓಡಿಹೋದಳು ಅಂತ ನಮ್ಮ ಕೇರಿಗೆ ಹೇಳಿದವಳು ನಿರ್ಮಲಾ. ಯಾರ ಜೊತೆ ಅಂತ ನಾನೇ ಕೇಳಿದೆ. "ಯಾವನೋ ಬೋರ್‌ವೆಲ್ ಲಾರಿಯೋನಂತೆ ಕಣಕ್ಕ. ಕಾಲ ಕೆಟ್ಟೋಯ್ತು ಬುಡು" ಅಂದಳು. ನಾನು ನಂಬಿದೆ. ಕೇರಿಯೂ ನಂಬಿತು. ನಿರ್ಮಲಾ ಹೇಳಿದ್ದನ್ನು ನಂಬದೆ ಇನ್ಯಾರು ಹೇಳಿದ್ದನ್ನು ನಂಬುವುದು?

ಅವಳು ನಮ್ಮವಳು. ತಿಪಟೂರಿನ ಈ ಕೇರಿಯಲ್ಲೇ, ನಮ್ಮ ಮನೆಗೆ ಎರಡು ಬಾಗಿಲು ಆಚೆ ಹುಟ್ಟಿದವಳು. ಅವಳೂ ನಾನೂ ಒಟ್ಟಿಗೆ ಕಲ್ಯಾಣ ಮಂಟಪಗಳ ಕಕ್ಕಸು ತೊಳೆದಿದ್ದೇವೆ. ಆಸಿಡ್ ಬಿದ್ದು ಇಬ್ಬರ ಕೈಯ ಚರ್ಮವೂ ಸುಲಿದಿದೆ. ಎಂಜಲೆಲೆ ಎತ್ತಿ, ನೆಲ ಒರೆಸಿ, ಪಾತ್ರೆ ಉಜ್ಜಿ ಮುಗಿಯುವ ತನಕ ನಮಗೆ ಊಟ ಇರುತ್ತಿರಲಿಲ್ಲ. ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯವಳೊಬ್ಬಳು ನಮ್ಮ ಕೈ ಮುಟ್ಟಬಾರದು ಅಂತ ಲಾಡು ಎಸೆದಳು. ಅದು ಚರಂಡಿಗೆ ಬಿತ್ತು. ಅವಳು ನಕ್ಕಳು. ನಿರ್ಮಲಾ ನಗಲಿಲ್ಲ, ಅಳಲೂ ಇಲ್ಲ. "ಗೌರಕ್ಕ, ಒಂದಿನ ನಾನೇ ಕಾಂಟ್ರಾಕ್ಟ್ ಹಿಡೀತೀನಿ. ನಮ್ಮೋರ್ಗೆ ಯಾರೂ ಹಿಂಗೆ ಎಸೀಬಾರ್ದು" ಅಂದಳು.

ಹಿಡಿದಳು. ಪಿಯುಸಿ ಓದಿದ್ದಳು. ಬ್ಯಾಂಕಿಗೆ ಅಲೆದು ಸಾಲ ಮಾಡಿ 'ಬೆಳಕು ಕ್ಲೀನಿಂಗ್ ಸರ್ವೀಸ್' ಅಂತ ಶುರು ಮಾಡಿದಳು. ಊರಾಚೆಯ ದೊಡ್ಡ ವಸತಿ ಶಾಲೆಯ ಕೆಲಸ ಸಿಕ್ಕಿತು. ನಮ್ಮ ಕೇರಿಯ ಹೆಂಗಸರಿಗೆಲ್ಲ ಕೆಲಸ ಕೊಟ್ಟಳು. ನೀಲಿ ಕೋಟು ಕೊಟ್ಟಳು. ಎದೆಯ ಮೇಲೆ ನಮ್ಮ ಹೆಸರು. ನನ್ನ ಹೆಸರು ಚಿಕ್ಕಗೌರಮ್ಮ ಅಂತ ಅಚ್ಚಿನಲ್ಲಿ ನೋಡಿದ್ದು ನಾನು ಅವತ್ತೇ. ಕೇರಿಯವರು ಸೇರಿ ಅವಳಿಗೆ ಹಾರ ಹಾಕಿದೆವು. ಹಾಕಿದ ಕೈ ನನ್ನದು.

ಪವಿತ್ರಾ ಅವಳ ಕೈಕೆಳಗೆ ಕೆಲಸಕ್ಕೆ ಸೇರಿದಾಗ ಇನ್ನೂ ಚಿಕ್ಕ ವಯಸ್ಸು. ಅಪ್ಪ ಇಲ್ಲ. ತಾಯಿ ಹುಚ್ಚಮ್ಮ ಕಾಯಿಲೆಯವಳು. ಶಾಲೆಯ ಕೆಲಸದ ಜೊತೆಗೆ ಊರಿನ ಡಾಕ್ಟ್ರಮ್ಮನ ಮನೆಯನ್ನೂ ಒರೆಸುತ್ತಿದ್ದಳು. ಹುಡುಗಿ ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಶಾಲೆಯ ಹಾಸ್ಟೆಲಿನ ಕಕ್ಕಸು ಗುಂಡಿ ಕಟ್ಟಿಕೊಂಡಾಗ ನಿರ್ಮಲಾ, "ಒಸಿ ಇಳಿದು ಕೋಲಾಡ್ಸು" ಅಂದಳು. ಪವಿತ್ರಾ ಎಲ್ಲರ ಎದುರಿಗೇ, "ನೀನೇ ಇಳಿಯಕ್ಕ, ನಾನ್ ಮೇಲ್ ನಿಂತು ಹಗ್ಗ ಹಿಡ್ಕಂತೀನಿ" ಅಂದಳು. ನಾವೆಲ್ಲ ನಕ್ಕೆವು. ನಿರ್ಮಲಾನೂ ನಕ್ಕಳು.

ಅದಾದ ಮೇಲೆ ಸ್ವಲ್ಪ ದಿನಕ್ಕೇ ಪವಿತ್ರಾ ಕಾಣೆಯಾದಳು. ಲಾರಿಯವನ ಕತೆ ಬಂತು.

ಹುಚ್ಚಮ್ಮ ಮೊದಲು ನಂಬಲಿಲ್ಲ. ಸ್ಟೇಷನ್ನಿಗೆ ಹೋಗ್ತೀನಿ ಅಂದಳು. "ಮಾನ ಓಯ್ತದೆ, ಸುಮ್ಕಿರತ್ತೆ. ನಾನೇ ಹುಡುಕುಸ್ತೀನಿ" ಅಂತ ನಿರ್ಮಲಾ ತಡೆದಳು. ಹುಚ್ಚಮ್ಮ ಬಾಗಿಲಲ್ಲಿ ಕೂತು ಕೂತು ಸವೆದಳು. ಹೊಟ್ಟೆಯಲ್ಲಿ ನೀರು ತುಂಬಿ ಸತ್ತಳು. ಮಣ್ಣು ಮಾಡುವಾಗ ಎಲ್ಲರಿಗಿಂತ ಜೋರಾಗಿ ಅತ್ತವಳು ನಿರ್ಮಲಾ. "ಹೆತ್ತವ್ವನ ಮಣ್ಣಿಗೂ ಬರ್ಲಿಲ್ವಲ್ಲೇ ಪಾಪಿ" ಅಂತ ಎದೆ ಬಡಿದುಕೊಂಡಳು. ಇಡೀ ಕೇರಿ ಪವಿತ್ರಾಳ ಹೆಸರಿಗೆ ಉಗಿಯಿತು.

ಇದಾಗಿ ಮಳೆಗಾಲ ಕಳೆಯಿತು. ಶಾಲೆಯಲ್ಲಿ ಒಂದು ಮೀಟಿಂಗ್ ಕರೆದರು. ಶಾಲೆಗೆ ಹೊರದೇಶದಿಂದ ದುಡ್ಡು ಬರುತ್ತದಂತೆ. ಕೊಡುವವರು ಈಗ ಹೊಸ ಮಾತು ಕೇಳುತ್ತಿದ್ದಾರಂತೆ. ಶಾಲೆ ಗುಡಿಸುವವರನ್ನು ಯಾರೂ ಜೀತಕ್ಕಿಟ್ಟಿರಬಾರದು. ಅವರಿಗೆ ಪೊರಕೆ, ಬ್ರಷ್ಷು ಮಾಡಿಕೊಡುವ ಜಾಗದಲ್ಲೂ ಜೀತ ಇರಬಾರದು. ಇದನ್ನು ನೋಡಿಕೊಂಡು ಹೋಗಲು ಬೆಂಗಳೂರಿನ ಆಫೀಸಿನಿಂದ ಉಜ್ವಲ್ ಅಂತ ಒಬ್ಬ ಹುಡುಗ ಬಂದ. ಒಳ್ಳೆ ಮಾತಿನವನು. ನಮ್ಮನ್ನೆಲ್ಲ ಆಂಟಿ ಅಂದ. ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದ. ಸರಪಳಿ ಹಾಕಿದ ಕೈಗಳ ಚಿತ್ರ. "ನಿಮ್ಮ ಆಧಾರ್ ಕಾರ್ಡು ನಿಮ್ಮ ಹತ್ರಾನೇ ಇದ್ಯಾ? ಬೇಡ ಅಂದ್ರೆ ಕೆಲಸ ಬಿಡಬಹುದಾ?" ಅಂತ ಒಬ್ಬೊಬ್ಬರನ್ನೇ ಕೇಳಿದ. ಹೂಂ ಅಂದೆವು. ನಮ್ಮ ಮಟ್ಟಿಗೆ ಅದು ನಿಜವೇ ಆಗಿತ್ತು.

ಇನ್ನು ಪೊರಕೆ ಬರುವ ಜಾಗ ನೋಡಬೇಕು, ಜೊತೆಗೆ ಕೆಲಸಗಾರರ ಕಡೆಯ ಒಬ್ಬರು ಇರಬೇಕು ಅಂದ. ನಿರ್ಮಲಾ ನನ್ನ ಹೆಗಲ ಮೇಲೆ ಕೈ ಹಾಕಿ, "ಗೌರಕ್ಕ ಬತ್ತಾಳೆ. ನಮ್ ಅಕ್ಕನಿದ್ದಂಗೆ" ಅಂದಳು.

ಕಾರಿನಲ್ಲಿ ಹೋದೆವು. ಚಿಕ್ಕನಾಯಕನಹಳ್ಳಿ ದಾಟಿ, ಮಣ್ಣು ದಾರಿಗೆ ಇಳಿದು, ತೆಂಗಿನ ತೋಟದ ನಡುವೆ ಒಂದು ನಾರಿನ ಫ್ಯಾಕ್ಟ್ರಿ. ಒಡೆಯ ದಯಾನಂದ್. ತೋಟವೂ ಅವನದೇ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಉಜ್ವಲನಿಗೆ, ನಿರ್ಮಲಾಗೆ ಕುರ್ಚಿ ಹಾಕಿಸಿದ, ಎಳನೀರು ಕೆತ್ತಿಸಿ ಕೊಟ್ಟ. ನನಗೆ ಕುರ್ಚಿ ಇರಲಿಲ್ಲ. ಎಳನೀರನ್ನು ಪ್ಲಾಸ್ಟಿಕ್ ಲೋಟಕ್ಕೆ ಬಗ್ಗಿಸಿ ಕಟ್ಟೆಯ ಮೇಲಿಟ್ಟರು. ನಾನು ಕುಡಿಯಲಿಲ್ಲ. ನಿರ್ಮಲಾ ಅದನ್ನು ನೋಡಿದಳು. ನೋಡದವಳ ಹಾಗೆ ಸ್ಟ್ರಾ ಬಾಯಿಗಿಟ್ಟಳು.

ಮುಂದಿನ ಶೆಡ್ಡಿನಲ್ಲಿ ಸುತ್ತಲ ಹಳ್ಳಿಯ ಹೆಂಗಸರು ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದರು. ಉಜ್ವಲ್ ಕೇಳಿದ್ದಕ್ಕೆಲ್ಲ ಹೂಂ ಸಾ, ಚೆಂದಾಗೈತೆ ಸಾ ಅಂದರು. ಒಬ್ಬರೂ ತಲೆ ಎತ್ತಲಿಲ್ಲ.

ನನಗೆ ಒಂದಕ್ಕೆ ಹೋಗಬೇಕಿತ್ತು. ಕಕ್ಕಸಿಗೆ ಬೀಗ ಹಾಕಿತ್ತು. ಹಿಂದಕ್ಕೆ ಹೋದೆ. ಅಲ್ಲಿ ತೆಂಗಿನಕಾಯಿ ಮಟ್ಟೆ ನೆನೆಹಾಕುವ ದೊಡ್ಡ ತೊಟ್ಟಿ. ಕಪ್ಪು ನೀರು, ಕೊಳೆತ ನಾತ. ಅದರ ಪಕ್ಕ ಶೀಟಿನ ಕೋಣೆ. ಬಾಗಿಲಿಗೆ ಹೊರಗಿನಿಂದ ಬೀಗ. ಒಂದು ಸಣ್ಣ ಕಿಟಕಿ, ಅದಕ್ಕೆ ಜಾಲರಿ. ಒಳಗೆ ಯಾರೋ ಕೆಮ್ಮಿದರು.

"ಗೌರಕ್ಕ."

ತಿರುಗಿದೆ. ಜಾಲರಿಯ ಹಿಂದೆ ಒಂದು ಮುಖ. ನಾರಿನ ಧೂಳು ಮೆತ್ತಿ ಹುಬ್ಬು, ರೆಪ್ಪೆ ಎಲ್ಲ ಕೆಂಚಾಗಿತ್ತು. ಕಣ್ಣು ನೋಡಿ ಗುರುತು ಹಿಡಿದೆ.

"ಪವಿತ್ರ! ನೀನಿಲ್ಲಿ? ಆ ಲಾರಿಯೋನು?"

"ಯಾವ ಲಾರಿಯೋನು? ಮೆಲ್ಲಗ್ ಮಾತಾಡಕ್ಕ. ನಾನಿಲ್ಲಿರಾದು ಯಾರ್ಗೂ ಯೋಳ್ಬ್ಯಾಡ. ಪೊಲೀಸ್ರು ಹುಡುಕ್ತಾವ್ರೆ."

"ನಿನ್ನನ್ನ? ಯಾಕೆ?"

"ಡಾಕ್ಟ್ರಮ್ಮನ ಓಲೆ ಕಳ್ದೋಯ್ತಲ್ಲ. ಕೆಲ್ಸಕ್ಕಿದ್ದೋಳು ನಾನು. ನನ್ ಮೇಲೆ ಕೇಸ್ ಆಗೈತೆ. ನಾನ್ ತಗಂಡಿಲ್ಲ ಕಣಕ್ಕ, ಅವ್ವನಾಣೆ. ನಿರ್ಮಲಕ್ಕಂಗೂ ಗೊತ್ತು. ಆದ್ರೆ ನಮ್ ಕೇರಿಯೋರು ಅಂದ್ರೆ ಯಾರ್ ನಂಬ್ತಾರೆ? ಅದುಕ್ಕೇ ಇಲ್ಲಿ ಬಚ್ಚಿಟ್ಟವ್ಳೆ. ಕೇಸ್ ಮುಗಿಯಗಂಟ ಈಚೆ ಬರ್ಬ್ಯಾಡ ಅಂದವ್ಳೆ. ಫೋನಿದ್ರೆ ಟವರಲ್ಲಿ ಹಿಡೀತಾರೆ ಅಂತ ಅದನ್ನೂ ಈಸ್ಕೊಂಡವ್ಳೆ. ಆಧಾರೂ ಅವ್ಳತ್ರಾನೇ ಐತೆ."

ಅವಳು ಹೋದ ಮೇಲೆ ಆ ಡಾಕ್ಟರ ಮನೆ ಒರೆಸುತ್ತಿದ್ದವಳು ನಾನು. ಡಾಕ್ಟ್ರಮ್ಮನ ಓಲೆ ದಿನವೂ ಅವರ ಕಿವಿಯಲ್ಲೇ ಇತ್ತು. ಪವಿತ್ರಾ ಯಾಕೆ ಬಿಟ್ಟಳು, ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದ್ದಳು ಅಂತ ಅವರೇ ನನ್ನನ್ನು ಕೇಳಿದ್ದರು.

ಯಾವ ಸುಳ್ಳನ್ನು ಹೇಳಿದರೆ ನಮ್ಮ ಹುಡುಗಿ ತಾನಾಗಿಯೇ ಬೀಗದ ಒಳಗೆ ಹೋಗಿ ಕೂರುತ್ತಾಳೆ ಅನ್ನುವುದು ನಿರ್ಮಲಾಗೆ ಗೊತ್ತಿತ್ತು. ಹೊರಗಿನವರಿಗೆ ಗೊತ್ತಿರಲಾರದು. ನಮ್ಮ ಕೇರಿಯವಳಿಗೇ ಗೊತ್ತಿರಬೇಕು. ಎಲ್ಲೇನು ಕಳೆದರೂ ಮೊದಲು ನಮ್ಮ ಸೆರಗು ಬಿಚ್ಚಿಸಿ ನೋಡುತ್ತಾರೆ. ಹಿಂದೆ ನಿರ್ಮಲಾಳ ಸೆರಗನ್ನೂ ಬಿಚ್ಚಿಸಿದ್ದರು. ಅದನ್ನೇ ಅವಳು ಕಲಿತುಕೊಂಡಿದ್ದಳು.

ಪವಿತ್ರಾ ಜಾಲರಿಗೆ ಬೆರಳು ಕೊಟ್ಟಳು. ಕಪ್ಪು ನೀರಿನಲ್ಲಿ ನೆನೆದು ಬೆರಳ ಸಂದಿ ಬಿಳಚಿ ಬಿರಿದಿತ್ತು. ಉಗುರು ಎದ್ದಿತ್ತು. ಅವಳ ಹಿಂದೆ ಮತ್ತಿಬ್ಬರು ಹೆಂಗಸರು ಕೂತಿದ್ದರು. ರಾಯಚೂರು ಕಡೆಯವರಂತೆ.

"ಅವ್ವ ಎಂಗವ್ಳಕ್ಕ? ನಿರ್ಮಲಕ್ಕ ಬಂದಾಗೆಲ್ಲ ಚೆನ್ನಾಗವ್ಳೆ ಅಂತಾಳೆ. ನೀರಿನ ಮಾತ್ರೆ ನುಂಗ್ತಾವ್ಳಾ?"

ಜಾಲರಿಯ ಮೇಲಿದ್ದ ಅವಳ ಬೆರಳನ್ನು ಮುಟ್ಟಿದೆ.

ಹಿಂದೆ ಹೆಜ್ಜೆ ಸಪ್ಪಳ. ನಿರ್ಮಲಾ ಬಂದು ನನ್ನ ರಟ್ಟೆ ಹಿಡಿದು ತೊಟ್ಟಿಯ ಆ ಕಡೆಗೆ ಎಳೆದಳು.

"ಗೌರಕ್ಕ, ಸುಮ್ಕೆ ಬಾ. ಎಲ್ಲ ಆಮೇಕೆ ಯೋಳ್ತೀನಿ."

"ಈಗ್ಲೇ ಯೋಳು. ಓಲೆ ಕಳ್ದಿತ್ತಾ?"

ಅವಳು ಮುಂದಿನ ಶೆಡ್ಡಿನ ಕಡೆ ತಿರುಗಿ ನೋಡಿದಳು.

"ಕಳ್ದಿತ್ತೇನೇ?"

"ಅವ್ಳು ಸುಮ್ನೆ ಇರ್ತಿರ್ಲಿಲ್ಲ ಕಣಕ್ಕ. ಜನುನ್ನ ಗುಂಡಿಗ್ ಇಳ್ಸಾದು ಕಾನೂನಿಗ್ ತಪ್ಪು ಅಂತ ಯಾರ್‌ಯಾರ್ಗೋ ಯೋಳ್ಕೊಂಡು ತಿರುಗ್ತಿದ್ಲು. ಕಾಂಟ್ರಾಕ್ಟ್ ಓದ್ರೆ ಇಡೀ ಕೇರಿ ಬಾಯಿಗ್ ಮಣ್ಣು. ದಯಾನಂದಣ್ಣ ಒಂದಾಳು ಕಳ್ಸು, ನಿನ್ ಸಾಮಾನೆಲ್ಲ ನಾನ್ ನೋಡ್ಕಂತೀನಿ ಅಂದ. ಇಲ್ಲಿ ಊಟ ಐತೆ, ಮಲಗಾಕೆ ಜಾಗ ಐತೆ. ನಾನೇನ್ ಅವ್ಳ್ನ ಕೊಂದ್ನಾ?"

ಹಾಗಾದರೆ ನಮ್ಮ ಪೊರಕೆ, ಬ್ರಷ್ಷು, ಕಾಲೊರಸು ಎಲ್ಲ ಪವಿತ್ರಾಳ ಬದಲಿಗೆ ಬಂದಿದ್ದವು. ಬಾಯಿ ಮುಚ್ಚಿಸಿದಂತೆಯೂ ಆಯಿತು, ಸಾಮಾನು ಬಂದಂತೆಯೂ ಆಯಿತು. ಒಂದೇ ಏಟಿಗೆ ಎರಡು ಕಾಯಿ. ನಾವು ಅದೇ ಪೊರಕೆ ಹಿಡಿದು ಗುಡಿಸುತ್ತಾ ಅವಳಿಗೆ ಸೂಳೆ ಅಂದಿದ್ದೆವು.

"ಗೌರಕ್ಕ, ನಾವ್ ನಮ್ಮೋರು. ನಮ್ಮೋರ್ ಮಾತು ನಮ್ಮಲ್ಲೇ ಇರ್ಲಿ. ಬೆಂಗಳೂರೋನ್ ಮುಂದೆ ಕೇರಿ ಮರ್ಯಾದೆ ಕಳೀಬ್ಯಾಡ. ನಿನ್ ಕಾಲಿಗ್ ಬೀಳ್ತೀನಿ."

ಬಗ್ಗಿದಳು. ನಾನು ಕಾಲು ಹಿಂದೆ ತೆಗೆದುಕೊಂಡೆ.

ಮುಂದೆ ಹೋದರೆ ಉಜ್ವಲ್ ಫೋನು ಎತ್ತಿ ಹಿಡಿದು ಕಾಯುತ್ತಿದ್ದ. "ಬನ್ನಿ ಆಂಟಿ. ಎಲ್ಲಾ ನೋಡಿದ್ರಲ್ಲ, ಕಾರ್ಮಿಕರ ಪರವಾಗಿ ಎರಡು ಮಾತು ಹೇಳಿ. ಇಲ್ಲಿ ಯಾರಿಗೂ ಬಲವಂತ ಇಲ್ಲ ಅಂತ."

ನಾನು ಹೇಳಿದೆ. "ಹಿಂದ್ಗಡೆ ಕ್ವಾಣೆ ಬೀಗ ತೆಗ್ಸಿ. ನಮ್ ಕೇರಿ ಹುಡುಗೀನ ಒಳ್ಗೆ ಕೂಡಾಕವ್ರೆ."

ಕಡ್ಡಿ ತೆಗೆಯುವ ಸದ್ದು ನಿಂತಿತು. ಉಜ್ವಲ್ ಫೋನು ಕೆಳಗಿಳಿಸಿದ. ದಯಾನಂದನ ಮುಖ ನೋಡಿದ. ನಿರ್ಮಲಾಳ ಮುಖ ನೋಡಿದ. ನನ್ನ ಮುಖ ನೋಡಲಿಲ್ಲ.

"ಅದು ಸ್ಟೋರ್ ರೂಮು ಸಾರ್," ದಯಾನಂದ್ ನಕ್ಕ. "ಈವಮ್ಮಂಗೆ ಬಿಸ್ಲಿಗೆ ತಲೆ ತಿರುಗೈತೆ."

"ಬನ್ನಿ ಸಾ, ನಾಕ್ ಹೆಜ್ಜೆ. ಕಣ್ಣಾರ ನೋಡಿ" ಅಂದೆ.

ಅವನು ಬರಲಿಲ್ಲ. "ಆಂಟಿ, ಇದನ್ನ ನಾನು ರಿಪೋರ್ಟಲ್ಲಿ ಬರೀತೀನಿ. ಬಾಗಿಲು ತೆಗೆಸೋ ಅಧಿಕಾರ ನಂಗಿಲ್ಲ" ಅಂದ. ನಮ್ಮಿಬ್ಬರನ್ನೂ ಅಲ್ಲೇ ಬಿಟ್ಟು ಕಾರು ಹತ್ತಿದ. ಸರಪಳಿ ಹಾಕಿದ ಕೈಯ ಚಿತ್ರ ತೋರಿಸಿದವನು ಅವನೇ. ಕಾರಿನ ಧೂಳು ನನ್ನ ಮೇಲೆ ಬಂತು.

ನಾನು ಹಿಂದಕ್ಕೆ ಹೋಗಿ ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಫೋನು ತೆಗೆದು ಪೊಲೀಸರ ನೂರಾ ಹನ್ನೆರಡಕ್ಕೆ ಮಾಡಿದೆ. ಎಲ್ಲಿ, ಏನು ಅಂತ ಕೇಳಿದರು. ಹೇಳಿದೆ. ಒಳಗಿನಿಂದ ಪವಿತ್ರಾ ಬಾಗಿಲು ಬಡಿದಳು. "ಅಯ್ಯೋ ಗೌರಕ್ಕ, ಯಾಕ್ ಕರಿತೀಯೇ? ನನ್ನ ಹಿಡ್ಕೊಂಡೋಯ್ತಾರೆ! ನಾನೇನ್ ಮಾಡಿದ್ದೆ ನಿಂಗೆ?"

ದಯಾನಂದ್ ಬಂದ. ನನ್ನ ಜಾತಿ ಎತ್ತಿದ. ನನ್ನ ತಾಯಿಯನ್ನು ಎತ್ತಿದ. ಏಳೇ ಅಂದ. ಏಳಲಿಲ್ಲ. ಆಳನ್ನು ಕರೆದು ತೊಟ್ಟಿಯ ನೀರನ್ನು ಬಕೆಟ್ಟಿನಲ್ಲಿ ಎತ್ತಿಸಿ ನನ್ನ ತಲೆಯ ಮೇಲೆ ಸುರಿಸಿದ. ಮತ್ತೊಂದು ಸುರಿಸಿದ. ಮೂಗಿಗೆ, ಬಾಯಿಗೆ ಆ ಕೊಳೆತ ನೀರು ಹೋಯಿತು. ವಾಂತಿ ಬಂತು. ಕೂತಲ್ಲೇ ಮಾಡಿಕೊಂಡೆ. ಜೀವಮಾನವೆಲ್ಲ ಮಂದಿಯ ಹೊಲಸು ಬಳಿದವಳು ನಾನು. ಅದಕ್ಕೆಲ್ಲ ಏಳುವವಳಾಗಿರಲಿಲ್ಲ. ದಯಾನಂದನ ಮೇಲೆ ನನಗೆ ಸಿಟ್ಟೂ ಬರಲಿಲ್ಲ. ಅವನಿಂದ ನಾನು ಬೇರೇನನ್ನೂ ಎಂದೂ ಬಯಸಿರಲಿಲ್ಲ. ಆಚೆ ಬೇಲಿಯ ಹತ್ತಿರ ನಿಂತು ನಿರ್ಮಲಾ ಇದನ್ನೆಲ್ಲ ನೋಡುತ್ತಿದ್ದಳಲ್ಲ, ಅವಳಿಂದ ಬಯಸಿದ್ದೆ.

ಪೊಲೀಸರು ಬಂದರು. ಒಬ್ಬ ದಫೇದಾರ, ಒಬ್ಬ ಹುಡುಗ ಕಾನ್‌ಸ್ಟೇಬಲ್. ದಫೇದಾರನಿಗೆ ದಯಾನಂದ್ ಪರಿಚಯ. ಮೊದಲು ಎಳನೀರು ಕುಡಿದ. ಆದರೆ ಕರೆ ತುಮಕೂರಿನ ಕಂಟ್ರೋಲ್ ರೂಮಿನಿಂದ ಬಂದಿತ್ತು. ಮುಚ್ಚಿಹಾಕಲು ಆಗುತ್ತಿರಲಿಲ್ಲ. "ಬೀಗ ತೆಗೀರಿ ಒಂದ್ಸಲ, ನೋಡ್ಬುಡನ" ಅಂದ.

ಬೀಗ ತೆಗೆದರು. ರಾಯಚೂರಿನ ಇಬ್ಬರು ಈಚೆ ಬಂದು ಬಿಸಿಲಿಗೆ ಕಣ್ಣು ಮುಚ್ಚಿಕೊಂಡರು. ಪವಿತ್ರಾ ಬರಲಿಲ್ಲ. ಮೂಲೆಗೆ ಒತ್ತಿಕೊಂಡು ಕೈ ಮುಗಿದಳು.

"ನಾನ್ ತಗಂಡಿಲ್ಲ ಸಾ. ನಿಮ್ ದಮ್ಮಯ್ಯ. ಓಲೆ ನಾನ್ ತಗಂಡಿಲ್ಲ."

"ಯಾವ ಓಲೆ?" ದಫೇದಾರ ಕೇಳಿದ.

"ತಿಪಟೂರು ಡಾಕ್ಟ್ರಮ್ಮಂದು. ನನ್ ಮೇಲೆ ಕೇಸ್ ಐತಲ್ಲ ಸಾ."

ಅವನು ಹೆಸರು ಕೇಳಿದ. ತಿಪಟೂರು ಸ್ಟೇಷನ್ನಿಗೆ ಫೋನು ಮಾಡಿ ಸುಮಾರು ಹೊತ್ತು ಮಾತಾಡಿದ. ಫೋನು ಇಟ್ಟು ಅವಳನ್ನೇ ನೋಡಿದ.

"ಯಾವ್ ಕೇಸೂ ಇಲ್ವಲ್ಲಮ್ಮ. ಕಂಪ್ಲೇಂಟೇ ಇಲ್ಲ. ಯಾರ್ ಹೇಳಿದ್ದು ನಿಂಗೆ?"

ಪವಿತ್ರಾಗೆ ಅರ್ಥವಾಗಲಿಲ್ಲ. ಬಾಗಿಲ ತನಕ ಬಂದಳು. ಬೇಲಿಯ ಹತ್ತಿರ ನಿಂತವಳನ್ನು ಕಂಡಳು. ಅವಳ ಮುಖದಲ್ಲಿ ಒಂದು ಗಳಿಗೆ ಸಂತೋಷವೇ ಬಂತು. ತನ್ನನ್ನು ಕಾಪಾಡಿದವಳು ಬಂದಿದ್ದಾಳೆ ಅಂತ.

"ನಿರ್ಮಲಕ್ಕ, ಕೇಸ್ ಇಲ್ವಂತೆ. ಓಲೆ ಸಿಕ್ತಾ?"

ನಿರ್ಮಲಾ ನೆಲ ನೋಡಿದಳು.

"ಅಕ್ಕ?"

ಇನ್ನೊಂದು ಸಲ ಕರೆದಳು. ಆಮೇಲೆ ಕರೆಯಲಿಲ್ಲ.

ಜೀಪಿನಲ್ಲಿ ಅವಳು ಹೇಳಿದ್ದು ಒಂದೇ ಮಾತು. ಮೊದಲು ಅವ್ವನ ಹತ್ತಿರ ಕರಕೊಂಡು ಹೋಗು. ನಾನು ಅವಳ ಬಿರಿದ ಕೈ ಹಿಡಿದುಕೊಂಡು ಅವ್ವ ಹೋದದ್ದನ್ನು ಹೇಳಿದೆ. ಅವಳು ಅಳಲಿಲ್ಲ. "ಮಣ್ ಮಾಡುವಾಗ ನಿರ್ಮಲಕ್ಕ ಇದ್ಲಾ?" ಅಂದಳು. ಇದ್ದಳು ಅಂದೆ. ಅತ್ತಳಾ ಅಂದಳು. ಅತ್ತಳು ಅಂದೆ. ಅವಳು ಕೈ ಬಿಡಿಸಿಕೊಂಡು ಆಚೆ ತಿರುಗಿದಳು.

ಅಧಿಕಾರಿಗಳು ಬಂದು ಹೇಳಿಕೆ ಬರೆದುಕೊಂಡರು. ರಾಯಚೂರಿನವರನ್ನು ಬಸ್ಸು ಹತ್ತಿಸಿದರು. ಕೇಸು ಈಗ ನಿಜವಾಗಿಯೂ ಆಯಿತು. ದಯಾನಂದನಿಗೆ ಬೇಗ ಜಾಮೀನು ಸಿಕ್ಕಿತು. ಫ್ಯಾಕ್ಟ್ರಿ ಇನ್ನೂ ನಡೆಯುತ್ತಿದೆ, ಅವನ ತಮ್ಮನ ಹೆಸರಿನಲ್ಲಿ. ನಿರ್ಮಲಾನೂ ಜಾಮೀನಿನ ಮೇಲೆ ಈಚೆ ಬಂದಳು. ಶಾಲೆಯವರು ಅವಳ ಕೆಲಸ ಕಿತ್ತು ತುಮಕೂರಿನ ಕಂಪನಿಗೆ ಕೊಟ್ಟರು. ನಮ್ಮಲ್ಲಿ ಜೀತಕ್ಕೆ ಜಾಗವಿಲ್ಲ ಅಂತ ಗೇಟಿನಲ್ಲಿ ದೊಡ್ಡ ಬೋರ್ಡು ಹಾಕಿದರು. ಆ ಕಂಪನಿ ತನ್ನ ಆಳುಗಳನ್ನೇ ವ್ಯಾನಿನಲ್ಲಿ ತಂದಿತು. ನಮ್ಮ ಕೇರಿಯ ಹೆಂಗಸರನ್ನು ಗೇಟಿನ ಒಳಗೂ ಬಿಡಲಿಲ್ಲ. ಉಜ್ವಲನ ನಂಬರಿಗೆ ಫೋನು ಮಾಡಿದೆ. ಎತ್ತಲಿಲ್ಲ.

ಕೇರಿ ನನ್ನ ಮೇಲೆ ತಿರುಗಿತು. ನಲ್ಲಿಯ ಸಾಲಿನಲ್ಲಿ ನನ್ನ ಬಿಂದಿಗೆ ಎತ್ತಿ ಆಚೆ ಇಟ್ಟರು. "ಒಬ್ಳುನ್ನ ಉಳ್ಸಾಕೋಗಿ ಇಷ್ಟ್ ಮನೆ ಒಲೆ ಆರ್ಸುದ್ಲು" ಅಂದರು. ಅನ್ನಲಿ. ಅವರ ಒಲೆ ಆರಿದ್ದು ಸುಳ್ಳಲ್ಲ. ನನ್ನದೂ ಆರಿತ್ತು. ಪವಿತ್ರಾ ನನ್ನ ಮನೆಯಲ್ಲೇ ಇದ್ದಳು. ಅವಳು ನೀರಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಓಡಿಹೋದವಳು ಅಂದ ಬಾಯಿಗಳು ಅವಳ ಕೈ ನೋಡಿ ಮುಚ್ಚಿಕೊಳ್ಳುತ್ತಿದ್ದವು. ಯಾರೂ ತಪ್ಪಾಯಿತು ಅನ್ನಲಿಲ್ಲ.

ಒಂದು ಮಧ್ಯಾಹ್ನ ನಿರ್ಮಲಾ ನಮ್ಮ ಮನೆಗೆ ಬಂದಳು. ಸೊರಗಿದ್ದಳು. ಪವಿತ್ರಾ ಅಕ್ಕಿ ಆರಿಸುತ್ತಿದ್ದಳು. ನಿರ್ಮಲಾ ಬಾಗಿಲ ಹತ್ತಿರವೇ ಕುಕ್ಕುರುಗಾಲಲ್ಲಿ ಕೂತಳು.

"ಕೋರ್ಟಲ್ಲಿ ಒಂದೇ ಒಂದ್ ಮಾತು ಯೋಳು ಪವಿತ್ರ. ನನ್ನಿಷ್ಟದಿಂದ್ಲೇ ಕೆಲ್ಸ ಮಾಡ್ತಿದ್ದೆ ಅಂತ. ಅಷ್ಟಂದ್ರೆ ಸಾಕು, ಲೈಸನ್ಸ್ ಉಳ್ಕಂತದೆ. ಇನ್ನೊಂದ್ ಕಾಂಟ್ರಾಕ್ಟ್ ಹಿಡೀತೀನಿ, ಎಲ್ರುನ್ನೂ ವಾಪಸ್ ಕರ್ಕಂತೀನಿ. ನಿನ್ನ ಸೂಪರ್‌ವೈಸರ್ ಮಾಡ್ತೀನಿ. ಕೇರಿ ಮುಖ ನೋಡಿ ಯೋಳೇ. ನಮ್ಮೋರೇ ನಮ್ಮೋರ್ನ ಜೈಲಿಗ್ ಕಳ್ಸುದ್ರೆ ನಗೋರ್ ಯಾರು?"

ಪವಿತ್ರಾ ಮೊರ ಪಕ್ಕಕ್ಕಿಟ್ಟಳು.

"ಒಂದ್ ಕೇಳ್ತೀನಿ. ಅವ್ವ ಸತ್ತಿದ್ದು ನಂಗ್ಯಾಕ್ ಯೋಳ್ಲಿಲ್ಲ?"

ನಿರ್ಮಲಾ ಸೆರಗಿನಿಂದ ಮುಖ ಒರೆಸಿಕೊಂಡಳು. ಸುಳ್ಳು ಹುಡುಕುತ್ತಿದ್ದಾಳೆ ಅಂದುಕೊಂಡೆ. ಆದರೆ ಅವಳು ಅವತ್ತು ನಿಜ ಹೇಳಿದಳು.

"ಯೋಳಿದ್ರೆ ನೀನು ಬಂದ್ಬುಡ್ತಿದ್ದೆ."

ಪವಿತ್ರಾ ತಲೆ ಆಡಿಸಿದಳು.

"ಇದುನ್ನೇ ಯೋಳ್ತೀನಿ ಕೋರ್ಟಲ್ಲಿ. ಈಗ ನೀನಂದ್ಯಲ್ಲ, ಅಷ್ಟೇ. ಎದ್ದೋಗು."